ಹೆಪಟೈಟಿಸ್ ಸಿ ಸರ್ಕಾರಿ ಚಿಕಿತ್ಸೆ: ಮಾತ್ರೆಗೆ ಪೂರ್ತಿ ಅಂಕ, ಪರೀಕ್ಷೆಗೆ ಅಷ್ಟಿಲ್ಲ

ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಗಿದ್ದು 2018ರ ಜುಲೈ 28ರಂದು. ಲಿವರ್ ಕೆಡಿಸುವ ವೈರಸ್ ಸೋಂಕಾದ ಹೆಪಟೈಟಿಸ್ ಸಿ ಇದ್ದವರಿಗೆ ಪರೀಕ್ಷೆಯೂ ಮಾತ್ರೆಯೂ ಪುಕ್ಕಟೆ. ಪುಕ್ಕಟೆ ಎಂದಾಕ್ಷಣ ಮೂಗು ಮುರಿಯುವವರಿಗೆ ಮೊದಲೇ ಹೇಳಿಬಿಡಬೇಕು: ಇಲ್ಲಿ ಕೊಡುವ ಮಾತ್ರೆಗೂ ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಬರೆದುಕೊಡುವ ಮಾತ್ರೆಗೂ ಔಷಧಾಂಶದಲ್ಲಿ ವ್ಯತ್ಯಾಸವಿಲ್ಲ. ವ್ಯವಸ್ಥೆ ಸಡಿಲವಾಗುವುದು ಮಾತ್ರೆಗೆ ಹಿಂದಿನ ಮತ್ತು ಮುಂದಿನ ಪರೀಕ್ಷೆಗಳಲ್ಲಿ. ಅಲ್ಲಿ ರೋಗಿಯೇ ಬೆನ್ನು ಹತ್ತಬೇಕು.

ಕಣ್ಣಿನ ಪೊರೆಯ ಅಥವಾ ಮಂಡಿಯ ಆಪರೇಷನ್‌ಗೆ ಮುಂಚಿನ ರಕ್ತಪರೀಕ್ಷೆಯಲ್ಲಿ ಆಕಸ್ಮಿಕವಾಗಿ ಗೊತ್ತಾಗಿ ಬರುವವರು ಬಹಳ. ಈ ವೈರಸ್ ಪತ್ತೆಯಾಗಿದ್ದೇ 1989ರಲ್ಲಿ. ನಮ್ಮ ರಕ್ತನಿಧಿಗಳಲ್ಲಿ ಇದರ ಪರೀಕ್ಷೆ ಎಲ್ಲೆಡೆ ನೆಲೆಯೂರಿದ್ದು ಈ ಶತಮಾನದ ಆರಂಭದ ವರ್ಷಗಳಲ್ಲಿ. ಅದಕ್ಕೆ ಮುಂಚೆ ಹೆರಿಗೆಯಲ್ಲೋ ಅಪಘಾತದಲ್ಲೋ ರಕ್ತ ಏರಿಸಿಕೊಂಡವರು, ಸರಿಯಾಗಿ ಕುದಿಸದ ಗಾಜಿನ ಸಿರಿಂಜ್‌ನಿಂದ ಇಂಜೆಕ್ಷನ್ ಚುಚ್ಚಿಸಿಕೊಂಡವರು, ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹಚ್ಚೆ ಹಾಕಿಸಿಕೊಂಡವರು, ಯಾರಿಗೂ ಆಗಿರಬಹುದು. ಯಾರಿಂದ ಬಂತು ಎಂದು ತಲೆ ಕೆಡಿಸಿಕೊಂಡು ಫಲವಿಲ್ಲ. ಸುಮಾರು ಎಷ್ಟು ವರ್ಷವಾಗಿರಬಹುದು ಎನ್ನುವ ಅಂದಾಜು ಮಾತ್ರ ವೈದ್ಯರಿಗೆ ಬೇಕು. ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಕೂತು ಲಿವರ್ ಗಟ್ಟಿಯಾಗಿಸುವುದು ಇದರ ಸ್ವಭಾವ.

ಮೊದಲ ಎಡವಟ್ಟು ಆಗುವುದು ‘ಆಂಟಿ ಎಚ್‌ಸಿವಿ ರಿಯಾಕ್ಟಿವ್’ ಎಂಬ ಚೀಟಿಯಿಂದ. ಎಚ್‌ಸಿವಿ ಎಂದರೆ ಹೆಪಟೈಟಿಸ್ ಸಿ ವೈರಸ್. ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು ಹುಡುಕುವ ಆಂಟಿಬಾಡಿ ಪರೀಕ್ಷೆ ಇದು. ವೈರಸ್ ಎಂದಾದರೂ ಬಂದಿತ್ತು ಎಂದಷ್ಟೇ ಆ ಚೀಟಿಯ ಅರ್ಥ. ಸೋಂಕು ತಗುಲಿದವರಲ್ಲಿ ಒಂದು ಪಾಲು ಜನರ ದೇಹ ಮೊದಲ ಆರು ತಿಂಗಳಲ್ಲಿ ತಾನೇ ಅದನ್ನು ಹೊರಹಾಕಿರುತ್ತದೆ. ಈಗ ಇದೆಯೇ ಎಂದು ಹೇಳುವುದು ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುವ ಎಚ್‌ಸಿವಿ ಆರ್‌ಎನ್‌ಎ ವೈರಲ್ ಲೋಡ್ ಪರೀಕ್ಷೆ. ಟಿಬಿಗೆ ಬಳಸುವ ಜೀನ್‌ಎಕ್ಸ್‌ಪರ್ಟ್, ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ರೂಪಿಸಿದ ಟ್ರೂನ್ಯಾಟ್, ಎರಡೂ ಯಂತ್ರ ಈ ಕೆಲಸ ಮಾಡುತ್ತವೆ. ಜೀನ್‌ಎಕ್ಸ್‌ಪರ್ಟ್‌ನಲ್ಲಿ ಕಾರ್ಟ್ರಿಜ್ ಹಾಕಿದ ಮೇಲೆ ಎರಡು ಗಂಟೆಯೊಳಗೆ ಫಲಿತಾಂಶ. ಆದರೆ ಯಂತ್ರ ಬೇರೆ ಊರಲ್ಲಿದ್ದರೆ ಸ್ಯಾಂಪಲ್ ಹೋಗಿ ಚೀಟಿ ವಾಪಸ್ ಬರಬೇಕು. ಆ ನಡುವೆ ಸುಮ್ಮನಾಗಿಬಿಡುವವರೂ ಉಂಟು. ರಕ್ತ ಕೊಟ್ಟ ದಿನವೇ ಸ್ಯಾಂಪಲ್ ಎಲ್ಲಿಗೆ ಹೋಗುತ್ತದೆ, ರಿಪೋರ್ಟ್ ಯಾರ ಹತ್ತಿರ ಕೇಳಬೇಕು ಎಂದು ಬರೆಸಿಕೊಳ್ಳಿ. ಖಾಸಗಿ ಲ್ಯಾಬ್‌ನಲ್ಲಿ ಇದೇ ಪರೀಕ್ಷೆಗೆ ಸಾವಿರಗಳ ಲೆಕ್ಕದಲ್ಲಿ ದುಡ್ಡು ಬಿಚ್ಚಬೇಕು. ತೀರಾ ತಡವಾದರೆ ಖರ್ಚು ಮಾಡಲು ಯೋಗ್ಯವಾದ ಒಂದೇ ಜಾಗ ಇದು.

ಮುಂದಿನದು ಲಿವರ್ ಎಷ್ಟು ಕೆಟ್ಟಿದೆ ಎಂಬ ಲೆಕ್ಕ. ಇದಕ್ಕೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಇರಲೇಬೇಕೆಂದಿಲ್ಲ. ಫಿಬ್-4 ಸೂತ್ರಕ್ಕೆ ವಯಸ್ಸು, ರಕ್ತಪರೀಕ್ಷೆಯಲ್ಲಿ ಸಿಗುವ ಎಎಸ್‌ಟಿ, ಎಎಲ್‌ಟಿ ಎಂಬ ಲಿವರ್ ಕಿಣ್ವಗಳ ಮಟ್ಟ, ಪ್ಲೇಟ್‌ಲೆಟ್ ಸಾಕು. ವಯಸ್ಸು 56, ಎಎಸ್‌ಟಿ 72, ಎಎಲ್‌ಟಿ 64, ಪ್ಲೇಟ್‌ಲೆಟ್ 1.8 ಲಕ್ಷ ಎಂದಿಟ್ಟುಕೊಳ್ಳಿ. 56ನ್ನು 72ರಿಂದ ಗುಣಿಸಿದರೆ 4032. ಕೆಳಗೆ 180 ಗುಣಿಸು 64ರ ವರ್ಗಮೂಲ 8, ಅಂದರೆ 1440. ಭಾಗಿಸಿದರೆ 2.8. ಇದು 3.25 ದಾಟಿದರೆ ಲಿವರ್ ಸಾಕಷ್ಟು ಗಟ್ಟಿಯಾಗಿದೆ, ಸಿರೋಸಿಸ್, ಅಂದರೆ ಲಿವರ್ ತುಂಬ ಗಾಯದ ಕಲೆಗಟ್ಟಿದ ಸ್ಥಿತಿ, ಇರಬಹುದೆಂದು ನೋಡಬೇಕು. 1.45ಕ್ಕಿಂತ ಕಡಿಮೆ ಇದ್ದರೆ ನಿರಾಳ. ನಡುವಿನದಕ್ಕೆ ಸ್ಕ್ಯಾನ್ ನೆರವು ಬೇಕಾಗುತ್ತದೆ. ಲಕ್ಷದ ಲೆಕ್ಕದಲ್ಲಿರುವ ಪ್ಲೇಟ್‌ಲೆಟ್ಟನ್ನು ಸಾವಿರಕ್ಕೆ ಇಳಿಸಿ 180 ಎಂದು ಹಾಕಬೇಕು, 1.8 ಎಂದೇ ಮೊಬೈಲ್‌ನಲ್ಲಿ ತುಂಬಿ 280 ಬಂತೆಂದು ರಾತ್ರಿಯಿಡೀ ನಿದ್ದೆಗೆಡಬೇಡಿ.

ಈಗ ಮಾತ್ರೆ. ಸಿರೋಸಿಸ್ ಇಲ್ಲದಿದ್ದರೆ ಸೊಫೊಸ್‌ಬುವಿರ್ 400 ಮಿಗ್ರಾಂ ಜೊತೆ ಡಕ್ಲಾಟಸ್ವಿರ್ 60 ಮಿಗ್ರಾಂ, ದಿನಕ್ಕೊಮ್ಮೆ, 12 ವಾರ. ಸಿರೋಸಿಸ್ ಇದ್ದು ಲಿವರ್ ಇನ್ನೂ ಸಂಭಾಳಿಸುತ್ತಿದ್ದರೆ ಸೊಫೊಸ್‌ಬುವಿರ್ 400, ವೆಲ್ಪಟಸ್ವಿರ್ 100, ಅದೂ 12 ವಾರ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ, ರಕ್ತವಾಂತಿಯಾಗಿದ್ದರೆ ಅದು ಬೇರೆಯೇ ದರ್ಜೆಯ ಚಿಕಿತ್ಸೆ. ತಜ್ಞರಿರುವ ಮಾದರಿ ಚಿಕಿತ್ಸಾ ಕೇಂದ್ರಕ್ಕೇ ಹೋಗಬೇಕು. ನೂರರಲ್ಲಿ 95ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಸೊಫೊಸ್‌ಬುವಿರ್ ಅಮೆರಿಕದಲ್ಲಿ ಬಂದಾಗ ಒಂದು ಮಾತ್ರೆಗೆ 1000 ಡಾಲರ್ ಇತ್ತು. 2014ರಲ್ಲಿ ಗಿಲಿಯಡ್ ಕಂಪನಿ ಭಾರತದ ತಯಾರಕರಿಗೆ ಪರವಾನಗಿ ಕೊಟ್ಟ ಮೇಲೆ ಬೆಲೆ ಬಿದ್ದಿತು. ಅದಿಲ್ಲದಿದ್ದರೆ ಈ ಪುಕ್ಕಟೆ ಯೋಜನೆ ಕನಸಿನ ಮಾತು.

ಡಬ್ಬಿಯಲ್ಲಿ 28 ಮಾತ್ರೆ ಇರುತ್ತದೆ, ಒಂದು ಬಗೆಯ ಮಾತ್ರೆಗೆ ಒಟ್ಟು ಮೂರು ಡಬ್ಬಿ. ಕೊನೆಯ ಮಾತ್ರೆವರೆಗೆ ಕಾಯದೆ ನಾಲ್ಕೈದು ಉಳಿದಿರುವಾಗಲೇ ಮುಂದಿನ ಡಬ್ಬಿ ತರಬೇಕು, ಹಬ್ಬದ ಸಾಲುರಜೆ ಇದ್ದರೆ ಇನ್ನೂ ಮುಂಚೆ. ತಲೆನೋವು, ಸುಸ್ತು ಸಾಮಾನ್ಯ, ಅಷ್ಟಕ್ಕೇ ನಿಲ್ಲಿಸಬೇಡಿ.

ಕೌಂಟರ್‌ನಲ್ಲಿ ಕ್ಯೂ ಉದ್ದ ಇದ್ದಾಗ ಕೇಳದೆ ಬಿಡಬಹುದಾದ ಪ್ರಶ್ನೆ, ಬೇರೆ ಯಾವ ಔಷಧಿ ನುಂಗುತ್ತಿದ್ದೀರಿ ಎಂಬುದು. ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. ಹೃದಯಬಡಿತಕ್ಕೆ ಅಮಿಯೊಡರೋನ್ ತೆಗೆದುಕೊಳ್ಳುವವರಿಗೆ ಸೊಫೊಸ್‌ಬುವಿರ್ ಸೇರಿದರೆ ಬಡಿತ ಅಪಾಯದ ಮಟ್ಟಕ್ಕೆ ಇಳಿಯಬಹುದು. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್ ಈ ಹೆಪಟೈಟಿಸ್ ಮಾತ್ರೆಯ ಶಕ್ತಿ ತಿಂದುಹಾಕುತ್ತವೆ. ಗ್ಯಾಸ್ಟ್ರಿಕ್ ಮಾತ್ರೆ ನಮ್ಮಲ್ಲಿ ಕಾಫಿಯಷ್ಟೇ ಸಲೀಸು. ವೆಲ್ಪಟಸ್ವಿರ್‌ಗೆ ಅದೇ ಶತ್ರು, ಹೊಟ್ಟೆಯ ಆಮ್ಲ ಕಡಿಮೆಯಾದರೆ ಅದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಸಕ್ಕರೆ ಕಾಯಿಲೆಯವರು ಶುಗರ್ ಆಗಾಗ ನೋಡಿಕೊಳ್ಳಬೇಕು, ವೈರಸ್ ಇಳಿದಂತೆ ಸಕ್ಕರೆಯೂ ಇಳಿಯುವುದುಂಟು. ಶುರುವಿಗೆ ಮುಂಚೆ ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯವಾಗಿ ಕೇಳಿ: ಸಿ ಹೋದಾಗ ಅಡಗಿದ್ದ ಬಿ ತಲೆಯೆತ್ತಬಹುದು. ಜೊತೆಗೆ ಕಿರುನೆಲ್ಲಿ, ಅಮೃತಬಳ್ಳಿ ಕಷಾಯ ಬೇಡ. ಅಮೃತಬಳ್ಳಿಯಿಂದಲೇ ಲಿವರ್ ಊದಿಕೊಂಡ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಕುಡಿತ ಸಂಪೂರ್ಣ ನಿಲ್ಲಬೇಕು.

ಮನೆಯಲ್ಲಿ ತಟ್ಟೆ ಲೋಟ ಬೇರೆ ಇಡುವ ಅಗತ್ಯ ಇಲ್ಲವೇ ಇಲ್ಲ. ಬೇರೆ ಇರಬೇಕಾದ್ದು ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿಸುವ ಕಟರ್.

ಅತಿ ಹೆಚ್ಚು ಅಂಕ ಕಳೆದುಕೊಳ್ಳುವುದು ಕೊನೆಯ ಹಂತ. ಮಾತ್ರೆ ಮುಗಿದ 12 ವಾರಕ್ಕೆ ಮತ್ತೊಮ್ಮೆ ಆರ್‌ಎನ್‌ಎ ಪರೀಕ್ಷೆ ಮಾಡಿಸಿ ‘ನಾಟ್ ಡಿಟೆಕ್ಟೆಡ್’ ಬಂದರೆ ಮಾತ್ರ ಗುಣವಾಯಿತು ಎಂದರ್ಥ. ಅಷ್ಟರಲ್ಲಿ ಮೈ ಹಗುರಾಗಿರುತ್ತದೆ, ಆಸ್ಪತ್ರೆಯಿಂದ ಕರೆ ಬರುವುದೂ ಖಾತ್ರಿಯಿಲ್ಲ, ಜನ ಬರುವುದಿಲ್ಲ. ಆ ದಿನಾಂಕವನ್ನು ಮೊದಲ ಡಬ್ಬಿ ಸಿಕ್ಕ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ‘ನಾಟ್ ಡಿಟೆಕ್ಟೆಡ್’ ಎಂದು ಬಂದ ಕಾಗದವನ್ನು ಲ್ಯಾಮಿನೇಟ್ ಮಾಡಿಸಿದರೂ ತಪ್ಪಿಲ್ಲ: ಆಂಟಿಬಾಡಿ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುವುದರಿಂದ ಮುಂದಿನ ಪ್ರತಿ ಆಪರೇಷನ್‌ಗೂ, ಗಲ್ಫ್ ಕೆಲಸದ ಮೆಡಿಕಲ್‌ಗೂ ‘ರಿಯಾಕ್ಟಿವ್’ ಎಂದೇ ಬರುತ್ತದೆ, ಆಗ ತೋರಿಸಲು ನಿಮ್ಮ ಹತ್ತಿರ ಇರುವುದು ಅದೊಂದೇ. ಸಿರೋಸಿಸ್ ಇದ್ದವರು ವೈರಸ್ ಹೋದ ಮೇಲೂ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ತಪ್ಪಿಸುವಂತಿಲ್ಲ, ಲಿವರ್ ಕ್ಯಾನ್ಸರ್‌ನ ಅಪಾಯ ವೈರಸ್ ಜೊತೆ ಪೂರ್ತಿ ಹೋಗುವುದಿಲ್ಲ.