ಟಿ3 ಗ್ರಾಹಕದ ಅಧ್ಯಯನಕ್ಕೆ ಜಿಎಚ್3, ಸಿವಿ-1, ಹೈಬ್ರಿಡ್: ಮೂರನ್ನೂ ಬೆಳೆಸಿ ನೋಡಿದ ಮೇಲೆ

ಥೈರಾಯ್ಡ್ ಹಾರ್ಮೋನು ಟಿ3ಯನ್ನು ಹಿಡಿದುಕೊಳ್ಳುವ ಪ್ರೋಟೀನು, ಅಂದರೆ ಅದರ ಗ್ರಾಹಕ, ಬೇರೆ ಜೀನುಗಳನ್ನು ಹೇಗೆ ನಡೆಸುತ್ತದೆ ಎಂದು ನೋಡಲು ನಾನು ಮೂರು ಬಗೆಯ ಕೋಶಗಳನ್ನು ಬೆಳೆಸಿದೆ. ಇಲಿಯ ಪಿಟ್ಯುಟರಿ ಗೆಡ್ಡೆಯಿಂದ ಬಂದ ಜಿಎಚ್3, ಆಫ್ರಿಕಾದ ಹಸಿರು ಮಂಗದ ಮೂತ್ರಪಿಂಡದ ಸಿವಿ-1, ಮತ್ತು ಜಿಎಚ್3ಯನ್ನು ಸುಂಡಿಲಿಯ ಫೈಬ್ರೊಬ್ಲಾಸ್ಟ್ (ಸಂಯೋಜಕ ಅಂಗಾಂಶದ ಕೋಶ) ಜೊತೆ ಬೆಸೆದು ಪಡೆದ ಹೈಬ್ರಿಡ್.

ಮೂರಕ್ಕೂ ಅನ್ವಯಿಸುವ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೋಶ ಬೆಳೆಸಲು ಹಾಕುವ ಮಾಮೂಲಿ ಸೀರಮ್‌ನಲ್ಲೇ ಟಿ3, ಟಿ4 ಎಂಬ ಥೈರಾಯ್ಡ್ ಹಾರ್ಮೋನುಗಳು ಇರುತ್ತವೆ. ಅದನ್ನು ರೆಸಿನ್ ಅಥವಾ ಇದ್ದಿಲಿನಿಂದ ತೆಗೆಯದೆ ಹಾಕಿದರೆ, ಹಾರ್ಮೋನು ಕೊಡದ ಪ್ಲೇಟಿನಲ್ಲೂ ಗ್ರಾಹಕ ಆಗಲೇ ಎಚ್ಚರವಾಗಿರುತ್ತದೆ. ನನ್ನ ಮೊದಲ ಎರಡು ವಾರದ ಕೆಲಸ ಇದರಿಂದಲೇ ನೀರುಪಾಲಾಯಿತು.

ಜಿಎಚ್3ಯಲ್ಲಿ ಎಲ್ಲವೂ ಅದರದ್ದೇ: ಗ್ರಾಹಕವೂ, ಅದು ನಡೆಸುವ ಬೆಳವಣಿಗೆ ಹಾರ್ಮೋನಿನ ಜೀನೂ. ಟಿ3 ಕೊಟ್ಟರೆ ಆ ಜೀನಿನ ಆರ್‌ಎನ್‌ಎ ಏರುವುದು ಚೆನ್ನಾಗಿ ಕಾಣುತ್ತದೆ. ಎಷ್ಟು ಹಾರ್ಮೋನಿಗೆ, ಎಷ್ಟು ಹೊತ್ತಿಗೆ ಎಂದು ಅಳೆಯಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆದರೆ ಇದರೊಳಗೆ ಗ್ರಾಹಕದ ಆಲ್ಫಾ1, ಬೀಟಾ1, ಬೀಟಾ2 ಎಂಬ ಮೂರೂ ರೂಪಗಳಿವೆ. ಕೆಲಸ ಮಾಡಿದ್ದು ಯಾವುದು ಎಂದು ಬಿಡಿಸಿ ಹೇಳಲಾಗದು. ಕೋಶಗಳು ತಳಕ್ಕೆ ಗಟ್ಟಿಯಾಗಿ ಅಂಟುವುದೂ ಇಲ್ಲ. ಮೀಡಿಯಂ ಬದಲಿಸುವಾಗ ಕೈ ಸ್ವಲ್ಪ ಅವಸರ ಮಾಡಿದರೆ ಅರ್ಧ ಕೋಶಗಳು ಪೈಪೆಟ್ಟಿನ ಪಾಲು.

ಸಿವಿ-1 ಸರಳ. ಸ್ವಂತ ಗ್ರಾಹಕ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ನಮಗೆ ಬೇಕಾದದ್ದನ್ನು ಮಾತ್ರ ತುಂಬಬಹುದು. ಜೊತೆಗೆ ಲೂಸಿಫರೇಸ್ ರಿಪೋರ್ಟರ್ (ಗ್ರಾಹಕ ಕೆಲಸ ಮಾಡಿದಾಗ ಬೆಳಕು ಬೀರುವ ಸೂಚಕ ಜೀನು) ಹಾಕಿದರೆ ಎರಡು ಮೂರು ದಿನದಲ್ಲಿ ಉತ್ತರ. ಬೀಟಾ ಗ್ರಾಹಕದ ರೂಪಾಂತರಗಳನ್ನು ಹೋಲಿಸಲು ಇದೇ ಸಾಕು. ಹೊರಗಿನಿಂದ ತುಂಬಿದ ಗ್ರಾಹಕ ಅತಿಯಾಗುವುದು, ಜೀನನ್ನು ಹೊತ್ತು ತರುವ ಡಿಎನ್‌ಎ ಉಂಗುರ, ಅಂದರೆ ಪ್ಲಾಸ್ಮಿಡ್, ಕ್ರೋಮೊಸೋಮಿನಂತೆ ನಡೆದುಕೊಳ್ಳದಿರುವುದು ಇದರ ಕೊರತೆ.

ಹೈಬ್ರಿಡ್ ಮಾಡುವುದಕ್ಕೆ ತಾಳ್ಮೆ ಬೇಕು. ಥಯೋಗ್ವಾನೀನ್‌ನಲ್ಲಿ ಬೆಳೆಸಿ ಎಚ್‌ಪಿಆರ್‌ಟಿ ಕಿಣ್ವ ಕಳೆದುಕೊಂಡ ಜಿಎಚ್3, ಥೈಮಿಡಿನ್ ಕೈನೇಸ್ ಕಿಣ್ವ ಇಲ್ಲದ ಎಲ್ ಕೋಶ (ಅದೇ ಸುಂಡಿಲಿ ಫೈಬ್ರೊಬ್ಲಾಸ್ಟ್), ಇವೆರಡನ್ನೂ ಪಾಲಿಎಥಿಲೀನ್ ಗ್ಲೈಕಾಲ್‌ನಿಂದ ಬೆಸೆದು ಹೈಪೊಕ್ಸಾಂಥೀನ್, ಅಮಿನೊಪ್ಟೆರಿನ್, ಥೈಮಿಡಿನ್ ಇರುವ ಹ್ಯಾಟ್ ಮೀಡಿಯಂನಲ್ಲಿ ಬಿಟ್ಟೆ. ಅಮಿನೊಪ್ಟೆರಿನ್ ಡಿಎನ್‌ಎ ಕಟ್ಟುವ ಮುಖ್ಯ ದಾರಿಯನ್ನೇ ಮುಚ್ಚುತ್ತದೆ; ಉಳಿಯುವ ಬದಲಿ ದಾರಿಗೆ ಈ ಎರಡೂ ಕಿಣ್ವಗಳು ಬೇಕು. ಆಗ ಒಂದರ ಕೊರತೆಯನ್ನು ಇನ್ನೊಂದು ತುಂಬಿದ ಬೆಸುಗೆ ಕೋಶ ಮಾತ್ರ ಬದುಕಬೇಕು. ಮೊದಲ ವಾರ ಪ್ಲೇಟಿನಲ್ಲಿ ಬರೀ ತೇಲುವ ಹೆಣಗಳು. ಎರಡನೆಯ ವಾರದ ಕೊನೆಗೆ ಮೈಕ್ರೊಸ್ಕೋಪಿನಡಿ ಅಂಚಿನಲ್ಲೊಂದು ಪುಟ್ಟ ಗುಂಪು ಕಂಡಿತು. ಫೈಬ್ರೊಬ್ಲಾಸ್ಟಿನಷ್ಟು ಚಾಚಿಕೊಂಡಿರಲಿಲ್ಲ, ಜಿಎಚ್3ಯಷ್ಟು ದುಂಡಗೂ ಇರಲಿಲ್ಲ. ಸುತ್ತ ಗ್ರೀಸ್ ಹಚ್ಚಿದ ಉಂಗುರ ಕೂರಿಸಿ, ಒಂದು ಹನಿ ಟ್ರಿಪ್ಸಿನ್ ಬಿಟ್ಟು ಎತ್ತಿಕೊಂಡೆ. ಕ್ರೋಮೊಸೋಮ್ ಎಣಿಸಿದಾಗ ಎರಡೂ ಕಡೆಯವು ಇದ್ದವು.

ಆದರೆ ಟಿ3 ಎಷ್ಟು ಕೊಟ್ಟರೂ ಬೆಳವಣಿಗೆ ಹಾರ್ಮೋನಿನ ಜೀನು ಜಪ್ಪಯ್ಯ ಎಂದರೂ ಕದಲಲಿಲ್ಲ. ಗ್ರಾಹಕವೇ ಹೋಗಿರಬೇಕು ಎಂದುಕೊಂಡೆ. ವಿಕಿರಣ ಅಯೋಡಿನ್ ಜೋಡಿಸಿದ ಟಿ3 ಹಾಕಿ ನೋಡಿದರೆ ನ್ಯೂಕ್ಲಿಯಸ್ಸಿನಲ್ಲಿ ಹಿಡಿತ ಇದೆ. ಗ್ರಾಹಕ ಕೂರುವ ಎಜಿಜಿಟಿಸಿಎ ಎಂಬ ಡಿಎನ್‌ಎ ತುಣುಕು ನಾಲ್ಕು ಬೇಸ್‌ಗಳ ಅಂತರದಲ್ಲಿ ಎರಡು ಬಾರಿ ಬರುವ ರಿಪೋರ್ಟರ್ ತುಂಬಿದಾಗ ಅದೂ ಬೆಳಗಿತು. ಅಂದರೆ ಗ್ರಾಹಕ ಸರಿಯಾಗಿಯೇ ಇದೆ, ಬಾಗಿಲು ಮುಚ್ಚಿದೆ! ಬೆಳವಣಿಗೆ ಹಾರ್ಮೋನಿನ ಜೀನಿಗೆ ಪಿಟ್-1 ಎಂಬ, ಪಿಟ್ಯುಟರಿಯಲ್ಲಿ ಜೀನುಗಳನ್ನು ಎಬ್ಬಿಸುವ ಪ್ರೋಟೀನೂ ಬೇಕು. ಫೈಬ್ರೊಬ್ಲಾಸ್ಟ್ ಜೊತೆ ಬೆಸೆದ ಪಿಟ್ಯುಟರಿ ಕೋಶದಲ್ಲಿ ಪಿಟ್-1 ತಯಾರಿಯೇ ನಿಲ್ಲುತ್ತದೆ. ನನ್ನ ಕೋಶದಲ್ಲೂ ಅದರ ಆರ್‌ಎನ್‌ಎ ಸಿಗಲಿಲ್ಲ. ಒಂದೇ ಗ್ರಾಹಕ ಒಂದು ಅಂಗಾಂಶದಲ್ಲಿ ಮಾತಾಡಿ ಇನ್ನೊಂದರಲ್ಲಿ ಸುಮ್ಮನಿರುವುದೇಕೆ ಎಂದು ಕೇಳುವವರಿಗೆ ನಾನು ಹೈಬ್ರಿಡ್ಡನ್ನೇ ಹೇಳುತ್ತೇನೆ. ಉಳಿದೆರಡರಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ.

ಹಾಗೆಂದು ಒಂದೇ ಕ್ಲೋನ್ (ಒಂದು ಬೆಸುಗೆ ಕೋಶದಿಂದ ಬೆಳೆದ ಗುಂಪು) ನಂಬಿ ಕೂರಬೇಡಿ. ಕ್ರೋಮೊಸೋಮ್‌ಗಳು ಉದುರುತ್ತಾ ಹೋಗುತ್ತವೆ, ಪ್ರತಿ ಕ್ಲೋನ್ ಬೇರೆ ದಾರಿ ಹಿಡಿಯುತ್ತದೆ. ಮನುಷ್ಯ ಮತ್ತು ಸುಂಡಿಲಿ ಕೋಶದ ಬೆಸುಗೆಯಲ್ಲಿ ಮನುಷ್ಯನವು ಉದುರುವುದರಿಂದಲೇ ಯಾವ ಜೀನು ಯಾವ ಕ್ರೋಮೊಸೋಮಿನಲ್ಲಿದೆ ಎಂದು ಹುಡುಕಲು ಅಂಥ ಹೈಬ್ರಿಡ್‌ಗಳು ನೆರವಾದವು. ಮನುಷ್ಯನಲ್ಲಿ ಆಲ್ಫಾ ಗ್ರಾಹಕದ ಜೀನು 17ನೇ ಕ್ರೋಮೊಸೋಮಿನಲ್ಲಿ, ಬೀಟಾದ್ದು 3ರಲ್ಲಿ ಇದೆ. ಕನಿಷ್ಠ ಮೂರು ಕ್ಲೋನ್ ಇಟ್ಟುಕೊಂಡು, ಬೇಗನೆ ಫ್ರೀಜ್ ಮಾಡಿ, ಆಗಾಗ ಮತ್ತೆ ಎಣಿಸಿ.

ನನ್ನ ಮೂರು ಕ್ಲೋನ್‌ಗಳು ಈಗ ಪ್ಲೇಟಿನಲ್ಲಿವೆ. ಈ ವಾರ ಅವಕ್ಕೆ ಪಿಟ್-1 ಪ್ಲಾಸ್ಮಿಡ್ ತುಂಬಿ, ಟಿ3 ಕೊಟ್ಟು, ಆ ಜೀನು ಮತ್ತೆ ಏಳುತ್ತದೆಯೇ ಎಂದು ನೋಡುತ್ತೇನೆ.