ಜಕ್ಕೂರು ಕೆರೆ: ಅಂಕ ಕೊಡುವ ಮೊದಲು ರಾಜಕಾಲುವೆ ನೋಡಿ

ಬೆಂಗಳೂರಿನ ಕೆರೆಗಳಿಗೆ ಸ್ಟಾರ್ ಕೊಡುವವರು ಸಾಮಾನ್ಯವಾಗಿ ನೋಡುವುದು ವಾಕಿಂಗ್ ದಾರಿ, ಬೆಂಚು, ಪಾರ್ಕಿಂಗ್. ಆ ಲೆಕ್ಕದಲ್ಲಿ ಜಕ್ಕೂರು ಕೆರೆಗೆ ಐದಕ್ಕೆ ನಾಲ್ಕು ಸಲೀಸು. ಸುಮಾರು 160 ಎಕರೆ ಕೆರೆ, ಏರಿಯ ಮೇಲೆ ಒಳ್ಳೆಯ ದಾರಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆಗಳಿಗೆ ಬರವಿಲ್ಲ. ಆದರೆ ಈ ಕೆರೆಯನ್ನು ಅಳೆಯಬೇಕಾದ್ದು ರಾಜಕಾಲುವೆಯಿಂದ, ಅಂದರೆ ಮಳೆನೀರಿನ ದೊಡ್ಡ ಚರಂಡಿಯಿಂದ, ನೀರು ಒಳಬರುವ ಉತ್ತರದ ತುದಿಯಲ್ಲಿ.

ಅಲ್ಲಿ ಜಲಮಂಡಳಿಯ ಕೊಳಚೆ ನೀರು ಶುದ್ಧೀಕರಣ ಘಟಕವಿದೆ. ಶುರುವಿನಲ್ಲಿ ಅದರ ಸಾಮರ್ಥ್ಯ ದಿನಕ್ಕೆ 1 ಕೋಟಿ ಲೀಟರ್. ಘಟಕ ದಾಟಿದ ನೀರು ಸೀದಾ ಕೆರೆಗೆ ಬೀಳದೆ, ಜೊಂಡು ಬೆಳೆಸಿದ ಜೌಗಿನಲ್ಲಿ ನಿಧಾನವಾಗಿ ಹರಡಿಕೊಂಡು ಬರುತ್ತದೆ. ಶುದ್ಧೀಕರಿಸಿದ ನೀರಿನಲ್ಲೂ ಸಾರಜನಕ, ರಂಜಕ ಉಳಿದಿರುತ್ತವೆ. ಬೇರಿಗೆ ಅಂಟಿದ ಸೂಕ್ಷ್ಮಜೀವಿಗಳೂ ಜೊಂಡೂ ಸೇರಿ ಅದರಲ್ಲಿ ಒಂದಷ್ಟನ್ನು ಹೀರಿಕೊಳ್ಳುತ್ತವೆ. ಅಲ್ಲಿಂದ ಕೆರೆಗೆ, ಕೋಡಿ ಬಿದ್ದರೆ ಕೆಳಗಿನ ರಾಚೇನಹಳ್ಳಿ ಕೆರೆಗೆ. ಬೇಸಿಗೆಯಲ್ಲೂ ಕೆರೆ ತುಂಬಿರುವುದರ ಗುಟ್ಟು ಇದೇ.

ಕೈಕೊಡುವುದೂ ಇದೇ ಜೌಗು. ಹೀರಿದ ರಂಜಕ ಗಿಡದ ಒಳಗೇ ಇರುತ್ತದೆ. ಜೊಂಡು ಕೊಯ್ದು ದಡದಾಚೆ ಸಾಗಿಸದಿದ್ದರೆ ಅದು ಒಣಗಿ, ಕೊಳೆತು, ಹೀರಿದ್ದನ್ನೆಲ್ಲ ವಾಪಸ್ ನೀರಿಗೇ ಬಿಡುತ್ತದೆ. ಹಾಗಂತ ಒಂದೇ ಸಲ ಬೋಳಿಸಿದರೆ ಗೂಡು ಕಟ್ಟಿದ ಹಕ್ಕಿಗಳ ಗತಿ ಮುಗಿಯಿತು. ಪಟ್ಟೆಪಟ್ಟೆಯಾಗಿ, ಗೂಡಿನ ಕಾಲ ಬಿಟ್ಟು ಕೊಯ್ಯಬೇಕು. ಹೂಳು ಸಮನಾಗಿ ಕೂರುವುದಿಲ್ಲ, ನಡುವೆ ಓಣಿ ಬಿಡುತ್ತದೆ. ನೀರು ಆ ಅಡ್ಡದಾರಿ ಹಿಡಿದರೆ ಜೌಗು ಇದ್ದೂ ಇಲ್ಲದಂತೆ. ಅಲಿಗೇಟರ್ ವೀಡ್ ಎಂಬ ಕಳೆಯಂತೂ ಯಂತ್ರದಿಂದ ಕತ್ತರಿಸಿದಷ್ಟೂ ಹೆಚ್ಚುತ್ತದೆ, ಏಕೆಂದರೆ ಗಿಣ್ಣು ಇರುವ ಬೆರಳುದ್ದದ ತುಂಡೂ ಮತ್ತೆ ಚಿಗುರುತ್ತದೆ. ಬೇರು ಸಮೇತ ಕೈಯಲ್ಲೇ ಕಿತ್ತು, ನೀರು ತಾಗದ ಕಡೆ ಒಣಹಾಕಬೇಕು.

ಇನ್ನು ಪಾಲುದಾರಿಕೆಯ ವಿಚಾರ. ಕೆರೆ ಪಾಲಿಕೆಯದು, ಅದರ ಜೊತೆ ಕೈಜೋಡಿಸಿದ್ದು ಸ್ಥಳೀಯರ ಜಲಪೋಷಣ್ ಟ್ರಸ್ಟ್. ಕೈತೋಟ, ಗಿಡಗಳ ಆರೈಕೆ, ಶಾಲಾ ಮಕ್ಕಳನ್ನು ಕೆರೆಗೆ ಕರೆತರುವುದು, ಕಸ ಸುರಿಯುವವರ ಮೇಲೆ ಕಣ್ಣಿಡುವುದು: ಸಮುದಾಯದ ಕೈಗೆ ಎಟುಕುವ ಇಂಥ ಕೆಲಸಗಳಿಗೆ ಪೂರ್ತಿ ಅಂಕ. ಟೆಂಡರ್ ಹಿಡಿದ ಗುತ್ತಿಗೆದಾರರಿಂದ ಈ ನಿಗಾ ಸಿಗುವುದಿಲ್ಲ. ಆದರೆ ಒಳಚರಂಡಿ ಜಲಮಂಡಳಿಯದು, ಮೀನಿನ ಗುತ್ತಿಗೆ ಮೀನುಗಾರಿಕೆ ಇಲಾಖೆಯದು, ನೀರಿನ ಪರೀಕ್ಷೆ ಮಾಲಿನ್ಯ ನಿಯಂತ್ರಣ ಮಂಡಳಿಯದು, ಗಡಿ ಅಳತೆ ಕಂದಾಯ ಇಲಾಖೆಯದು. ಮೇಲಿನಿಂದ ರಾಜಕಾಲುವೆಯಲ್ಲಿ ಹಸಿ ಕೊಳಚೆ ಬಂದರೆ ಪಾಲಿಕೆ ಜೊತೆಗಿನ ಒಡಂಬಡಿಕೆ ಇಟ್ಟುಕೊಂಡು ಅದನ್ನು ತಡೆಯಲಾಗದು. ಇಡೀ ವ್ಯವಸ್ಥೆಯ ದೊಡ್ಡ ಲೋಪ ಇದು, ಜಕ್ಕೂರಿಗೆ ಮಾತ್ರ ಸೀಮಿತವಲ್ಲ.

ಹೋಲಿಕೆಗೆ ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ ನೋಡಿ. 2010ರಲ್ಲಿ ಅಲ್ಲಿನವರು ಟ್ರಸ್ಟ್ ಕಟ್ಟಿದರು, 2011ರಲ್ಲಿ ಬಿಬಿಎಂಪಿ ಒಡಂಬಡಿಕೆ ಮಾಡಿಕೊಂಡು ನಿರ್ವಹಣೆ ಒಪ್ಪಿಸಿತು. ನಗರದಲ್ಲಿ ಅಂಥದ್ದು ಮೊದಲು. ಪಕ್ಕದ ಅಪಾರ್ಟ್‌ಮೆಂಟಿನ ಶುದ್ಧೀಕರಿಸಿದ ನೀರೇ ಅದಕ್ಕೆ ಮುಖ್ಯ ಆಧಾರ. ಹದಿಮೂರು ಎಕರೆ ಚಿಲ್ಲರೆ ಕೆರೆ, ಯಾವ ನೀರು ಎಲ್ಲಿಂದ ಬರುತ್ತದೆ ಎಂಬುದು ಗೊತ್ತು. ಹಾಗಾಗಿ ನೆರೆಹೊರೆಯ ಗುಂಪೊಂದು ಅದನ್ನು ಸಂಭಾಳಿಸಬಲ್ಲದು. 160 ಎಕರೆಗೆ ಅದೇ ಸೂತ್ರ ಹೊಂದುವುದಿಲ್ಲ.

ಸಮುದಾಯದ ಗುಂಪನ್ನೂ ಖಾಸಗಿ ಗುತ್ತಿಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹಿಂದೆ ಕೆರೆ ಅಭಿವೃದ್ಧಿ ಪ್ರಾಧಿಕಾರ ಹೆಬ್ಬಾಳ, ನಾಗವಾರ ಕೆರೆಗಳನ್ನು ಕಂಪನಿಗಳಿಗೆ ಗುತ್ತಿಗೆ ಕೊಟ್ಟು, ವಿಷಯ ಹೈಕೋರ್ಟ್ ಮೆಟ್ಟಿಲೇರಿತ್ತು. ಆದರೆ 2020ರ ಮಾರ್ಚಿನಲ್ಲಿ ಕೆರೆ ಒಡಂಬಡಿಕೆಗಳಿಗೆ ಹೈಕೋರ್ಟ್ ತಡೆ ಹಾಕಿದಾಗ ಸ್ವಯಂಸೇವಕರ ಗುಂಪುಗಳೂ ಅದರಲ್ಲಿ ಸಿಕ್ಕಿಬಿದ್ದವು. ಒಡಂಬಡಿಕೆಯ ಕಾಗದ ಇಲ್ಲದಿದ್ದರೆ ದಾನ ಕೊಡುವ ಕಂಪನಿ ಹಿಂದೆ ಸರಿಯುತ್ತದೆ, ಕಾವಲುಗಾರನ ಸಂಬಳ ನಿಲ್ಲುತ್ತದೆ, ಗೇಟಿನ ಬೀಗದ ಕೈ ಯಾರ ಬಳಿ ಇರಬೇಕೆಂಬುದೂ ತಕರಾರಾಗುತ್ತದೆ.

ನಿಮ್ಮ ಬಡಾವಣೆಯ ಕೆರೆಗೂ ಇಂಥ ಗುಂಪು ಕಟ್ಟುವುದಾದರೆ ಮೊದಲು ಸರ್ವೆ ನಕ್ಷೆ ಕೈಗೆ ಬರಲಿ. ಬೇಲಿ, ಗಿಡ ಎಲ್ಲ ಆಮೇಲೆ. ವಿದ್ಯುತ್ ಬಿಲ್ ಯಾರು ಕಟ್ಟಬೇಕು, ಕಿತ್ತ ಕಳೆ ಸಾಗಿಸುವ ಲಾರಿ ಯಾರದು ಎಂಬುದನ್ನು ಒಡಂಬಡಿಕೆಯಲ್ಲೇ ಬರೆಸಿ. ಜಗಳ ಹುಟ್ಟುವುದು ಇಂಥ ಸಣ್ಣ ಬಾಬ್ತುಗಳಲ್ಲೇ.

ನೀರಿನ ಪರೀಕ್ಷೆಯ ವರದಿ ಓದುವಾಗ ಮಾದರಿ ತೆಗೆದ ಹೊತ್ತನ್ನೂ ಕೇಳಿ. ಮೀನು ಬದುಕಲು ಲೀಟರಿಗೆ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಬೇಕೆಂಬುದು ಮಾನದಂಡ. ಮಧ್ಯಾಹ್ನ ಪಾಚಿ ಬಿಸಿಲಿಗೆ ಆಮ್ಲಜನಕ ಬಿಡುವುದರಿಂದ ಅಂಕಿ ಚೆಂದ ಕಾಣುತ್ತದೆ. ರಾತ್ರಿಯಿಡೀ ಅದೇ ಪಾಚಿ ಉಸಿರಾಡಿ, ಬೆಳಗಿನ ಜಾವಕ್ಕೆ ನೀರಿನಲ್ಲಿನ ಆಮ್ಲಜನಕ ಬರಿದಾಗಿರುತ್ತದೆ. ಮೋಡ ಕವಿದ ದಿನದ ಮರುದಿನ, ಮೊದಲ ಮಳೆಗೆ ರಾಜಕಾಲುವೆ ತೊಳೆದು ಬಂದಾಗ ಮೀನು ಸಾಯುವುದು ಈ ಹೊತ್ತಿನಲ್ಲೇ. ಸೂರ್ಯ ಹುಟ್ಟುವ ಮುಂಚೆ ಒಂದು ಮಾದರಿ, ಜೌಗಿಗೆ ಬರುವ ಮತ್ತು ಜೌಗಿನಿಂದ ಹೊರಡುವ ಜಾಗದಲ್ಲಿ ತಲಾ ಒಂದು ಮಾದರಿ ತೆಗೆಸಿದರೆ ಕೆರೆಯ ನಿಜವಾದ ಅಂಕ ಗೊತ್ತಾಗುತ್ತದೆ.