ಗ್ರೆನೋಬ್ಲ್‌ನಿಂದ ಬಸ್ಸಿನಲ್ಲಿ ಬೆಟ್ಟಕ್ಕೆ: ವೆರ್ಕೋರ್, ಶಾರ್ತ್ರೂಸ್, ಬೆಲ್ದೊನ್ ಮೂರನ್ನೂ ನಡೆದು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಫ್ರಾನ್ಸಿನ ಆಲ್ಪ್ಸ್ ನಡುವೆ ನಾವಿರುವ ಗ್ರೆನೋಬ್ಲ್ ಊರಿನ ಸುತ್ತಲಿನ ಈ ಮೂರು ಬೆಟ್ಟಸಾಲುಗಳಲ್ಲಿ ನನ್ನ ಆಯ್ಕೆ ವೆರ್ಕೋರ್. ಅದರಲ್ಲೂ ಸಾಂ ನಿಜಿಯೆ ಎಂಬ ಹಳ್ಳಿಗೆ ಬಸ್ಸಿನಲ್ಲಿ ಹೋಗಿ, ಮೂಶ್‌ರೊತ್ ಬೆಟ್ಟ ಹತ್ತಿ, ಸಂಜೆ ನಡೆದುಕೊಂಡೇ ಊರಿಗೆ ಇಳಿಯುವ ದಾರಿ. ಉಳಿದೆರಡು ಕಡೆ ನೋಟ ಕಡಿಮೆ ಅಂತೇನಲ್ಲ. ಶಾರ್ತ್ರೂಸ್‌ನ ಶಾಮೆಶೋದ್ ಶಿಖರ ಮೂಶ್‌ರೊತ್‌ಗಿಂತ ಎತ್ತರ, ಬೆಲ್ದೊನ್‌ನ ಕೆರೆಗಳು ತುಂಬಾ ಚೆಂದ. ಆದರೆ ಕಾರಿಲ್ಲದವರಿಗೆ ನೋಟಕ್ಕಿಂತ ದೊಡ್ಡ ವಿಷಯ ಒಂದಿದೆ: ವಾಪಸ್ ಬರುವುದು ಹೇಗೆ?

ಇಲ್ಲಿರುವ ನಮ್ಮವರಲ್ಲಿ ತುಂಬಾ ಜನರಿಗೆ ಕಾರಿಲ್ಲ. ಕಾರಣ ಬರೀ ದುಡ್ಡಲ್ಲ. ಫ್ರಾನ್ಸಿನಲ್ಲಿ ನೆಲೆಸಿದ ಮೇಲೆ ನಮ್ಮ ಭಾರತದ ಲೈಸೆನ್ಸ್ ಒಂದು ವರ್ಷ ನಡೆಯುತ್ತದೆ. ಅದನ್ನು ಕೊಟ್ಟು ಫ್ರೆಂಚ್ ಲೈಸೆನ್ಸ್ ಪಡೆಯುವ ಒಪ್ಪಂದ ಭಾರತದ ಜೊತೆ ಇಲ್ಲ. ಆಮೇಲೆ ಮೊದಲಿನಿಂದ ಕಲಿತು, ಫ್ರೆಂಚಿನಲ್ಲಿ ಥಿಯರಿ ಪರೀಕ್ಷೆ ಬರೆದು, ರಸ್ತೆಯ ಪರೀಕ್ಷೆಯನ್ನೂ ಪಾಸು ಮಾಡಬೇಕು. ಅದಕ್ಕೆ ಆಗುವ ಖರ್ಚಿನಲ್ಲಿ ಬೆಂಗಳೂರಿಗೆ ಹೋಗಿಬರುವ ವಿಮಾನದ ಟಿಕೆಟ್ಟೇ ಬರುತ್ತದೆ. ಹಾಗಾಗಿ ನಾನು ಮತ್ತು ನನ್ನ ಹೆಂಡತಿ ಬಸ್ಸನ್ನೇ ನೆಚ್ಚಿಕೊಂಡಿದ್ದೇವೆ.

ಗ್ರೆನೋಬ್ಲ್ ಇರುವುದು ಸಮುದ್ರಮಟ್ಟದಿಂದ ಇನ್ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ, ಸಪಾಟಾದ ಕಣಿವೆಯಲ್ಲಿ. ಪಶ್ಚಿಮಕ್ಕೆ ವೆರ್ಕೋರ್, ಉತ್ತರಕ್ಕೆ ಶಾರ್ತ್ರೂಸ್, ಪೂರ್ವಕ್ಕೆ ಬೆಲ್ದೊನ್. ಮೂರಕ್ಕೂ ಬಸ್ ಇದೆ. ಹೋಗುವಾಗ ಮೂರೂ ಸಲೀಸು.

ತಾಪತ್ರಯ ಶುರುವಾಗುವುದು ವೇಳಾಪಟ್ಟಿಯಿಂದ. ಇಲ್ಲಿನ ಹಳ್ಳಿ ಬಸ್ಸಿನ ವೇಳಾಪಟ್ಟಿ ನೋಡಿದರೆ ಕಾಲಂ ತುಂಬಾ ಸಮಯಗಳಿರುತ್ತವೆ. ಪರವಾಗಿಲ್ಲ, ಜಾಸ್ತಿ ಬಸ್ಸಿವೆ ಅನ್ನಿಸುತ್ತದೆ. ಪ್ರತಿ ಕಾಲಂನ ತಲೆಯ ಮೇಲೆ ಸಣ್ಣ ಅಕ್ಷರಗಳಿರುತ್ತವೆ, ಅವನ್ನು ಓದಬೇಕು. ಮುಖ್ಯವಾದ ಭೇದ ಶಾಲೆ ನಡೆಯುವ ದಿನ ಮತ್ತು ಶಾಲೆಗೆ ರಜೆ ಇರುವ ದಿನ. ಹಳ್ಳಿ ಬಸ್ಸುಗಳಲ್ಲಿ ಬಹುಪಾಲು ಶಾಲೆ ಮಕ್ಕಳಿಗಾಗಿಯೇ ಓಡುವಂಥವು. ಶಾಲೆ ಇಲ್ಲದ ದಿನ ಅರ್ಧ ಕಾಲಂ ಮಾಯ. ಬುಧವಾರದ ಕಥೆ ಬೇರೆ. ಅವತ್ತು ಶಾಲೆಗಳು ಮಧ್ಯಾಹ್ನಕ್ಕೇ ಬಿಡುವುದು ಸಾಮಾನ್ಯ, ಹಾಗಾಗಿ ಮಧ್ಯಾಹ್ನ ಒಂದು ಬಸ್ ಇರುತ್ತದೆ. ಉಳಿದ ದಿನ ಅದೇ ಹೊತ್ತಿಗೆ ನಿಂತರೆ ಏನೂ ಬರುವುದಿಲ್ಲ.

ಇನ್ನು ಶಾಲಾ ರಜೆ ಇಡೀ ದೇಶಕ್ಕೆ ಒಂದೇ ಅಲ್ಲ. ಚಳಿಗಾಲದ ಮತ್ತು ವಸಂತದ ರಜೆಗೆ ಫ್ರಾನ್ಸನ್ನು ಎ, ಬಿ, ಸಿ ಎಂದು ಮೂರು ವಲಯ ಮಾಡಿದ್ದಾರೆ. ಗ್ರೆನೋಬ್ಲ್ ಎ ವಲಯ, ಪ್ಯಾರಿಸ್ ಮತ್ತು ತುಲೂಸ್ ಸಿ ವಲಯ. ಪ್ಯಾರಿಸ್‌ನಿಂದ ಬಂದ ಗೆಳೆಯರು "ನಮಗೆ ರಜೆ, ಬನ್ನಿ ಹೋಗೋಣ" ಎಂದಾಗ ನೋಡಬೇಕಾದದ್ದು ಗ್ರೆನೋಬ್ಲ್‌ನ ಕ್ಯಾಲೆಂಡರ್, ಅವರದ್ದಲ್ಲ.

ಸಾರ್ವಜನಿಕ ರಜೆಗಳು ಇನ್ನೂ ಕಷ್ಟ. ಮೇ ತಿಂಗಳಲ್ಲಿ 1ನೇ ತಾರೀಕು, 8ನೇ ತಾರೀಕು, ಸಾಮಾನ್ಯವಾಗಿ ಒಂದು ಗುರುವಾರದ ಕ್ರೈಸ್ತ ಹಬ್ಬ, ಹೀಗೆ ಸಾಲು ಸಾಲು ರಜೆ. ಹೂವು ಬಿಡುವ ಕಾಲ, ಬಿಸಿಲು ಹದ, ನಮಗೂ ಆಫೀಸಿಲ್ಲ. ಅಂಥ ದಿನವೇ ಬಸ್ ಭಾನುವಾರದ ಲೆಕ್ಕದಲ್ಲಿ ಓಡುತ್ತದೆ, ಮೇ 1ರಂದು ಹಲವು ಕಡೆ ಒಂದೂ ಓಡುವುದಿಲ್ಲ. ಕೆಲವು ಬಸ್ಸುಗಳನ್ನು ಹಿಂದಿನ ದಿನವೇ ಫೋನ್ ಮಾಡಿ ಕಾಯ್ದಿರಿಸದಿದ್ದರೆ ಅವು ಹೊರಡುವುದೇ ಇಲ್ಲ. ವೇಳಾಪಟ್ಟಿಯಲ್ಲಿ ಅದರ ಗುರುತು ಬರೀ ಒಂದು ಪುಟ್ಟ ಟೆಲಿಫೋನ್ ಚಿತ್ರ.

ಶಾರ್ತ್ರೂಸ್‌ನ ಒಂದು ನಿಲ್ದಾಣದಲ್ಲಿ ನಮಗೆ ಆದದ್ದು ಹೇಳುತ್ತೇನೆ. ಅಕ್ಟೋಬರ್ ಸಂಜೆ. ಕಂಬದ ಮೇಲಿನ ಗಾಜಿನ ಹಿಂದೆ ವೇಳಾಪಟ್ಟಿ ಇತ್ತು, ಕೊನೆಯ ಬಸ್ಸಿನ ಸಮಯ ಸ್ಪಷ್ಟವಾಗಿತ್ತು, ಶಾಲೆ ನಡೆಯುವ ದಿನವೇ ಆಗಿತ್ತು. ಬಸ್ ಬರಲೇ ಇಲ್ಲ. ಅಲ್ಲಿ ಅಂಟಿಸಿದ್ದು ಹಿಂದಿನ ವರ್ಷದ ಹಾಳೆ, ಹೊಸದನ್ನು ಯಾರೂ ಹಾಕಿರಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದರೆ ಕಚೇರಿ ಮುಚ್ಚಿದೆ ಎಂಬ ರೆಕಾರ್ಡಿಂಗ್. ಬೆವರು ಆರಿ ಬೆನ್ನು ತಣ್ಣಗಾಗತೊಡಗಿತ್ತು. ಕಾಡಿನಲ್ಲಿ ಇಬ್ಬನಿ ಬೀಳುತ್ತಿತ್ತು. ಕೊನೆಗೆ ಸೌದೆ ತುಂಬಿಕೊಂಡು ಬಂದ ಹಿರಿಯ ಹೆಂಗಸೊಬ್ಬರು ಗಾಡಿ ನಿಲ್ಲಿಸಿ, ಹಿಂದಿನ ಸೀಟಿನ ಸೌದೆ ಸರಿಸಿ, ನಮ್ಮನ್ನು ಕೆಳಗಿನ ಊರಿನ ತನಕ ಬಿಟ್ಟರು. ಅವರ ಋಣ ದೊಡ್ಡದು. ಆದರೆ ಪ್ರತಿ ಸಲ ಅಂಥವರು ಸಿಗುತ್ತಾರೆ ಅಂತ ಹೊರಡಲು ಆಗುವುದಿಲ್ಲ, ಅಲ್ವಾ? ಅವತ್ತಿನಿಂದ ಶಿಖರದ ಎತ್ತರ ಆಮೇಲೆ, ವಾಪಸ್ ದಾರಿ ಮೊದಲು ಅಂತ ತೀರ್ಮಾನ ಮಾಡಿದೆವು.

ಸಾಂ ನಿಜಿಯೆ ಗೆಲ್ಲುವುದು ಇಲ್ಲೇ. ಹಳ್ಳಿ ಇರುವುದು ಸುಮಾರು 1,160 ಮೀಟರ್ ಎತ್ತರದಲ್ಲಿ, ಮೂಶ್‌ರೊತ್ ತುದಿ 1,901 ಮೀಟರ್. ಅಂದರೆ ಹತ್ತಬೇಕಾದದ್ದು ಏಳುನೂರ ನಲವತ್ತು ಮೀಟರ್ ಅಷ್ಟೇ. ಕುಕ್ಕೆಯಿಂದ ಕುಮಾರಪರ್ವತ ಹತ್ತಿದವರಿಗೆ ಅದರ ಅರ್ಧಕ್ಕಿಂತ ಕಡಿಮೆ. ದಾರಿ ಕಾಡಿನೊಳಗೆ ಸಾಗುತ್ತದೆ, ಬೇಸಿಗೆಯಲ್ಲೂ ನೆರಳು. ಬಿಳಿ-ಕೆಂಪು ಪಟ್ಟಿಯ ಗುರುತು ಮರದ ಮೇಲೋ ಬಂಡೆಯ ಮೇಲೋ ಕಾಣುತ್ತಲೇ ಇರುತ್ತದೆ. ಅದೇ ಬಣ್ಣದಲ್ಲಿ ಅಡ್ಡಗೆರೆಯ ಬದಲು ಕತ್ತರಿ ಗುರುತು ಕಂಡರೆ ಆ ಕಡೆ ಹೋಗಬಾರದು ಎಂದರ್ಥ. ಕವಲು ಬಂದಲ್ಲಿ ಹಳದಿ ಕೈಕಂಬ, ಅದರ ಮೇಲೆ ಆ ಜಾಗದ ಹೆಸರು ಮತ್ತು ಎತ್ತರ. ಕೈಲಿರುವ ನಕ್ಷೆಯ ಜೊತೆ ತಾಳೆ ನೋಡಲು ಇದಕ್ಕಿಂತ ಅನುಕೂಲ ಬೇರಿಲ್ಲ.

ಹಳ್ಳಿಯ ಅಂಚಿನಲ್ಲಿ 1968ರ ಚಳಿಗಾಲದ ಒಲಿಂಪಿಕ್ಸ್‌ಗೆ ಕಟ್ಟಿದ ಸ್ಕೀ ಜಿಗಿತದ ಕಾಂಕ್ರೀಟ್ ಇಳಿಜಾರು ಇದೆ. ಈಗ ಪಾಳು ಬಿದ್ದಿದೆ, ಹತ್ತುವುದು ಬೇಡ. ನೋಡಲೇಬೇಕಾದದ್ದು ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ವಿರುದ್ಧ ನಿಂತ ಪ್ರತಿರೋಧ ಹೋರಾಟಗಾರರ ಸ್ಮಶಾನ. 1944ರ ಜೂನ್‌ನಲ್ಲಿ ಜರ್ಮನ್ ಸೈನ್ಯ ಈ ಹಳ್ಳಿಯನ್ನು ಸುಟ್ಟಿತು. ಕಾಳಗದಲ್ಲಿ ಸತ್ತವರು ಇಲ್ಲಿ ಮಲಗಿದ್ದಾರೆ, ಎದುರಿಗೆ ಇಡೀ ಗ್ರೆನೋಬ್ಲ್ ಕಣಿವೆ ಕಾಣುತ್ತದೆ. ಬೆಟ್ಟಕ್ಕೆ ಬಂದವರು ಹತ್ತು ನಿಮಿಷ ಇಲ್ಲಿ ನಿಲ್ಲಲಿ ಅಂತ ನನ್ನ ಆಸೆ.

ಮೂಶ್‌ರೊತ್ ತುದಿಯಲ್ಲಿ ಆಕಾಶ ತಿಳಿಯಾಗಿದ್ದರೆ ಆಲ್ಪ್ಸ್‌ನ ಅತಿ ಎತ್ತರದ ಶಿಖರ ಮೊಂ ಬ್ಲಾಂ ಕಾಣುತ್ತದೆ. ನಾವು ಚಪಾತಿ ಸುರುಳಿ, ಪುಳಿಯೋಗರೆ ಬಿಚ್ಚುವುದು ಅಲ್ಲೇ.

ಇಳಿಯುವಾಗ ಮತ್ತೆ ಸಾಂ ನಿಜಿಯೆಗೆ ಬಂದು ಬಸ್ ಸಿಕ್ಕಿದರೆ ಸರಿ, ಸಿಗದಿದ್ದರೂ ಸರಿ. ಪಾರಿಸೆ ಎಂಬ ಹಳ್ಳಿಯ ಕಡೆಯ ಕಾಲುದಾರಿ ಹಿಡಿದು ಗ್ರೆನೋಬ್ಲ್ ಅಂಚಿನ ಸೇಸ್ಸ್ಯಾಂ ತನಕ ಇಳಿದರೆ ಸಿ ಟ್ರಾಮ್‌ನ ಕೊನೆಯ ನಿಲ್ದಾಣ ಲೆ ಪ್ರಿಸ್ಮ್. ಟ್ರಾಮ್‌ಗೆ ಶಾಲಾ ರಜೆಯ ಹಂಗಿಲ್ಲ, ಕಾಯ್ದಿರಿಸುವ ಗೊಡವೆ ಇಲ್ಲ. ದಾರಿಯಲ್ಲಿ ತೂರ್ ಸಾಂ ವೆನಾಂ ಎಂಬ ಪಾಳು ಗೋಪುರ ಸಿಗುತ್ತದೆ. ಜೆರುಸಲೇಮಿನಿಂದ ತಂದ ಮಣ್ಣನ್ನು ಸುತ್ತ ಹಾಕಿದ್ದರಿಂದ ಅಲ್ಲಿ ಹಾವು ಸುಳಿಯುವುದಿಲ್ಲ ಎಂದು ಇಲ್ಲಿಯವರ ಐತಿಹ್ಯ. ಒಂದೇ ಕಷ್ಟ, ಮಂಡಿ. ಹಳ್ಳಿಯಿಂದ ಟ್ರಾಮ್ ತನಕವೇ ಒಂಬೈನೂರು ಮೀಟರ್ ಇಳಿತ. ಮಳೆ ಬಂದ ಮರುದಿನ ಸುಣ್ಣಕಲ್ಲು, ಬೀಚ್ ಮರದ ಬೇರು ಎರಡೂ ಜಾರುತ್ತವೆ. ಮಡಚುವ ಕೋಲು ಇಲ್ಲದೆ ನಾನು ಈ ಇಳಿತಕ್ಕೆ ಹೋಗುವುದಿಲ್ಲ.

ಶಾರ್ತ್ರೂಸ್‌ಗೆ ಬಂದರೆ, 1,326 ಮೀಟರ್ ಎತ್ತರದ ಕೋಲ್ ದ ಪೋರ್ತ್ ಎಂಬ ಘಾಟಿಯಲ್ಲಿ (ಕೋಲ್ ಅಂದರೆ ಫ್ರೆಂಚಿನಲ್ಲಿ ಘಾಟಿ) ಬಸ್ ಇಳಿದು ಎರಡು ಕಡೆ ಹೋಗಬಹುದು. ಒಂದು ಶಾಮೆಶೋದ್, 2,082 ಮೀಟರ್, ಈ ಶ್ರೇಣಿಯ ಅತಿ ಎತ್ತರದ ಶಿಖರ. ಕೊನೆಗೆ ಬಂಡೆಯಲ್ಲಿ ತಂತಿ ಹಿಡಿದು ಹತ್ತಬೇಕು. ತಲೆ ಸುತ್ತುವವರಿಗೆ ಬೇಡ. ಇನ್ನೊಂದು ಶಾರ್ಮಾಂ ಸೋಂ, 1,867 ಮೀಟರ್. ಅದು ಸೌಮ್ಯ, ಹುಲ್ಲುಗಾವಲಿನಲ್ಲಿ ಹಸುಗಳ ಗಂಟೆ ಸದ್ದು, ಅಲ್ಲೇ ಮಾಡಿದ ಚೀಸ್. ಕುರಿಮಂದೆ ಇರುವ ಕಡೆ ಪಾತು ಎಂಬ ದೊಡ್ಡ ಬಿಳಿ ಕಾವಲು ನಾಯಿಗಳಿರುತ್ತವೆ. ಅವು ಓಡಿ ಬಂದರೆ ಓಡಬೇಡಿ, ಕೋಲು ಎತ್ತಬೇಡಿ. ನಿಂತು, ಮೂಸಿ ನೋಡಲು ಬಿಟ್ಟು, ಮಂದೆಯನ್ನು ದೂರದಿಂದ ಬಳಸಿ ಹೋಗಿ.

ಶಾರ್ತ್ರೂಸ್‌ನಲ್ಲೂ ಬಸ್ಸಿನ ಹಂಗಿಲ್ಲದೆ ಇಳಿಯುವ ದಾರಿ ಒಂದಿದೆ. ಲೆ ಸಾಪೆ ಹಳ್ಳಿಯಲ್ಲಿ ಇಳಿದು, ಕೋಲ್ ದ ವಾಂಸ್, ಮೊಂ ರಾಶೆ ದಾಟಿ ಬಾಸ್ತೀಯ್ ಕೋಟೆಗೆ ಬಂದರೆ ಊರು ಕಾಲ ಕೆಳಗೇ. ಕಾಲು ಸೋತರೆ 1934ರಿಂದ ನಡೆಯುತ್ತಿರುವ ಕೇಬಲ್ ಕಾರ್ ಇದೆ. ಇದು ನನ್ನ ಎರಡನೇ ಆಯ್ಕೆ. ಆದರೆ ದೊಡ್ಡ ಶಿಖರಗಳು ಈ ದಾರಿಯಲ್ಲಿಲ್ಲ, ಅದೇ ಕೊರತೆ.

ಬೆಲ್ದೊನ್‌ಗೆ ಹೋಗಿದ್ದು ಹಾಸನದಿಂದ ಅಮ್ಮ ಬಂದಿದ್ದಾಗ. ಬಸ್ ಶಾಮ್ರೂಸ್ ತನಕ ಹೋಗುತ್ತದೆ, ಅಲ್ಲೇ 1,650 ಮೀಟರ್ ಎತ್ತರ. ಆರ್ಸೆಲ್ ಎಂಬ ಜೌಗು ಬಯಲು ದಾಟಿ ಪೈನ್ ಮರಗಳ ನಡುವೆ ಹತ್ತಿದರೆ ಅಶಾರ್ ಕೆರೆ, 1,917 ಮೀಟರ್. ಅಮ್ಮ ಕೆರೆಯ ದಡದಲ್ಲಿ ಚಪ್ಪಟೆ ಬಂಡೆ ನೋಡಿ ಕೂತರು. "ಇಷ್ಟೇ ಸಾಕಪ್ಪ, ಇನ್ನು ಮೇಲೆ ನೀವಿಬ್ಬರೂ ಹೋಗಿ ಬನ್ನಿ" ಎಂದರು. ಹಿರಿಯರು, ಮಕ್ಕಳ ಜೊತೆ ಹೋಗುವವರಿಗೆ ಇದನ್ನೇ ಹೇಳುತ್ತೇನೆ. ಕೊರತೆಯೆಂದರೆ ಭಾನುವಾರದ ಜನಸಂದಣಿ, ಮತ್ತೆ ವಾಪಸ್ ಬಸ್ ತಪ್ಪಿದರೆ ಊರಿಗೆ ನಡೆದು ಇಳಿಯುವ ಮಾತೇ ಇಲ್ಲ.

ನೀರಿನ ವಿಷಯದಲ್ಲಿ ಮಾತ್ರ ಬೆಲ್ದೊನ್ ಮೇಲು. ಅಲ್ಲಿನ ಗಟ್ಟಿ ಕಲ್ಲು ನೀರನ್ನು ಮೇಲೇ ನಿಲ್ಲಿಸಿಕೊಳ್ಳುತ್ತದೆ, ಅದಕ್ಕೇ ಅಷ್ಟು ಕೆರೆ. ವೆರ್ಕೋರ್, ಶಾರ್ತ್ರೂಸ್ ಎರಡೂ ಸುಣ್ಣಕಲ್ಲು. ಬಿದ್ದ ಮಳೆಯೆಲ್ಲ ಬಿರುಕಿನಲ್ಲಿ ಇಳಿದು ಗುಹೆ ಸೇರುತ್ತದೆ. 1956ರಲ್ಲಿ ಮನುಷ್ಯರು ಮೊದಲ ಬಾರಿಗೆ ಸಾವಿರ ಮೀಟರ್ ಆಳಕ್ಕೆ ಇಳಿದ ಬೆರ್ಜೆ ಗುಹೆ ಇರುವುದು ಇದೇ ವೆರ್ಕೋರ್‌ನಲ್ಲಿ. ಹಾಗಾಗಿ ಬೇಸಿಗೆಯಲ್ಲಿ ಮೂಶ್‌ರೊತ್‌ಗೆ ತಲಾ ಎರಡು ಲೀಟರ್ ಹೊತ್ತೇ ಹೋಗಬೇಕು.

ಹಿಮ: ಮೇ ತಿಂಗಳಲ್ಲೂ ಅಶಾರ್ ಕೆರೆ ಹೆಪ್ಪುಗಟ್ಟಿರಬಹುದು.

ಖರ್ಚು: ಮೂರೂ ಬಸ್ ಟಿಕೆಟ್ ದುಡ್ಡಿನಲ್ಲೇ ಮುಗಿಯುತ್ತವೆ, ವ್ಯತ್ಯಾಸ ಲೆಕ್ಕಕ್ಕಿಲ್ಲ.

ನಾವು ನಿಧಾನವಾಗಿ ನಡೆಯುವವರು, ಹೂವು ಕಂಡಲ್ಲಿ ನಿಲ್ಲುವವರು, ಗಡಿಯಾರ ನೋಡುತ್ತಾ ಇಳಿಯುವುದು ನಮ್ಮಿಬ್ಬರಿಗೂ ಆಗದು. ಅದಕ್ಕೇ ವೆರ್ಕೋರ್. ಚುರುಕಾಗಿ ನಡೆದು ಮಧ್ಯಾಹ್ನದೊಳಗೆ ಇಳಿಯುವವರಾದರೆ ಶಾಮೆಶೋದ್‌ಗೇ ಹೋಗಿ, ಅದರ ತುದಿ ಬೇರೆಯೇ ಮಟ್ಟದ್ದು. ಎಲ್ಲಿಗೇ ಹೋದರೂ ಹಿಂದಿನ ರಾತ್ರಿ ವೆಬ್‌ಸೈಟಿನಲ್ಲಿ ವಾಪಸ್ ಬಸ್ಸಿನ ಸಮಯವನ್ನು ಆ ತಾರೀಕು ಹಾಕಿಯೇ ಹುಡುಕಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಿಲ್ದಾಣದಲ್ಲಿ ಬಸ್ ಬರುವಾಗ ಕೈ ಅಡ್ಡ ಹಿಡಿಯಿರಿ, ಸುಮ್ನೆ ನಿಂತರೆ ಡ್ರೈವರ್ ನಿಲ್ಲಿಸದೆ ಹೋಗಬಹುದು.